ಯುಪಿಐ ಉಚಿತ ಅಂದರೆ ಯಾರಿಗೆ ಉಚಿತ?

ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಹೋಟೆಲಿನವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದೇ ಸುದ್ದಿ ಓಡಾಡುತ್ತದೆ. 'ಇನ್ನು ಮುಂದೆ ಯುಪಿಐಗೂ ದುಡ್ಡು ಕಟ್ಟಬೇಕಂತೆ.' ಮರುದಿನ ಸರ್ಕಾರ ಅದು ಸುಳ್ಳು ಎನ್ನುತ್ತದೆ. 2025ರ ಜೂನ್‌ನಲ್ಲೂ ಹಣಕಾಸು ಸಚಿವಾಲಯ ಹಾಗೆಯೇ ಹೇಳಿತು. ಶುಲ್ಕ ಬರುತ್ತದೆ ಎಂಬ ಮಾತಿಗೆ ಆಧಾರವೇ ಇಲ್ಲ ಎಂದಿತು. ಮುಂದಿನ ತಿಂಗಳೇ ರಿಸರ್ವ್ ಬ್ಯಾಂಕಿನ ಗವರ್ನರ್ ಸಂಜಯ್ ಮಲ್ಹೋತ್ರಾ ಇದೇ ಮುಂಬೈಯಲ್ಲಿ ಇನ್ನೊಂದು ಮಾತು ಹೇಳಿದರು. ಖರ್ಚು ಅಂತ ಇದ್ದೇ ಇದೆ, ಅದನ್ನು ಯಾರಾದರೂ ಭರಿಸಲೇಬೇಕು ಎಂದರು.

ಇಬ್ಬರು ಹೇಳಿದ್ದೂ ನಿಜ. ಅದಕ್ಕೇ ಜನರಿಗೆ ಗೊಂದಲ. ನಾನು ಮುಂಬೈಯ ಕೆಲವು ಉಡುಪಿ ಹೋಟೆಲುಗಳ ಲೆಕ್ಕಪತ್ರ ನೋಡುವವನು. 'ಹೇಳಿ ಮಾರಾಯ್ರೆ, ಇದು ಫ್ರೀಯಾ ಅಲ್ವಾ?' ಎಂದು ಶೆಟ್ರುಗಳು ಕೇಳುತ್ತಲೇ ಇರುತ್ತಾರೆ. ಹೌದು ಅಥವಾ ಅಲ್ಲ ಎಂದು ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ. ಅಂಗಡಿಯವರಿಂದ ಶುಲ್ಕ ಇಲ್ಲ. ಆದರೆ ಬೆಲೆ ಇದೆ. ಆ ಬೆಲೆಯನ್ನು ಯಾರು ಕೊಡುತ್ತಿದ್ದಾರೆ, ಅದರಿಂದ ಯಾರು ಬೆಳೆದರು ಎಂಬುದನ್ನು ನೋಡಿದರೆ ಮಾತ್ರ ವಿಷಯ ಅರ್ಥವಾಗುತ್ತದೆ.

ಮೊದಲು ದುಡ್ಡು ಹೋಗುವ ದಾರಿ ನೋಡೋಣ. ಗಿರಾಕಿ 90 ರೂಪಾಯಿಯ ಮಸಾಲೆ ದೋಸೆ ತಿಂದು ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ಅವನ ಕೈಯಲ್ಲಿರುವ ಆ್ಯಪ್ ಬ್ಯಾಂಕ್ ಅಲ್ಲ. ಫೋನ್‌ಪೇ, ಗೂಗಲ್ ಪೇ ಇವೆಲ್ಲ ಯಾವುದೋ ಬ್ಯಾಂಕಿನ ಜೊತೆ ಸೇರಿ ಕೆಲಸ ಮಾಡುವ ಕಂಪನಿಗಳು. ಆ್ಯಪ್ ತನ್ನ ಪಾಲುದಾರ ಬ್ಯಾಂಕಿಗೆ ಹೇಳುತ್ತದೆ. ಆ ಬ್ಯಾಂಕು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ ಹೇಳುತ್ತದೆ. ಎನ್‌ಪಿಸಿಐ ಗಿರಾಕಿಯ ಬ್ಯಾಂಕನ್ನು ಕೇಳುತ್ತದೆ. ಆ ಬ್ಯಾಂಕು ಪಿನ್ ಸರಿ ಇದೆಯಾ, ಖಾತೆಯಲ್ಲಿ ಹಣ ಇದೆಯಾ ನೋಡಿ 90 ರೂಪಾಯಿ ಕಳೆಯುತ್ತದೆ. ಮತ್ತೆ ಎನ್‌ಪಿಸಿಐ ಹೋಟೆಲಿನ ಬ್ಯಾಂಕಿಗೆ ತಿಳಿಸುತ್ತದೆ, ಅಲ್ಲಿ ಜಮಾ ಆಗುತ್ತದೆ. ಆಮೇಲೆ ಗಲ್ಲಾದ ಪಕ್ಕದ ಸೌಂಡ್‌ಬಾಕ್ಸ್ ಕೂಗುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಬ್ಯಾಂಕು ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆಗುವುದು ಆಮೇಲೆ, ರಿಸರ್ವ್ ಬ್ಯಾಂಕಿನ ಮೂಲಕ.

ಈ ದಾರಿಯ ನಡುವೆ ಕೂತಿರುವ ಎನ್‌ಪಿಸಿಐ ನಮ್ಮ ಊರಿನದ್ದೇ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕುಗಳ ಸಂಘ ಸೇರಿ 2008ರಲ್ಲಿ ಕಟ್ಟಿದ ಸಂಸ್ಥೆ ಇದು. ಲಾಭಕ್ಕಾಗಿ ಇಟ್ಟದ್ದಲ್ಲ. 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಮುಂಬೈಯಲ್ಲಿ ಯುಪಿಐಗೆ ಚಾಲನೆ ಕೊಟ್ಟಾಗ ಜೊತೆಗಿದ್ದದ್ದು 21 ಬ್ಯಾಂಕುಗಳು. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳು 2,000 ಕೋಟಿಗೂ ಜಾಸ್ತಿ ಪಾವತಿಗಳು ನಡೆದವು. ಮೊತ್ತ ಸುಮಾರು 24.85 ಲಕ್ಷ ಕೋಟಿ ರೂಪಾಯಿ. ಇಷ್ಟು ದೊಡ್ಡ ಸಾರ್ವಜನಿಕ ವ್ಯವಸ್ಥೆಯನ್ನು ಇಷ್ಟು ಬೇಗ ಕಟ್ಟಿದ್ದು ನಮ್ಮ ದೇಶದ ನಿಜವಾದ ಸಾಧನೆ. ಅದನ್ನು ಉಳಿಸಿಕೊಳ್ಳಬೇಕು ಅಂತಲೇ ಈ ಲೇಖನ.

ಖರ್ಚು ಎಷ್ಟು? ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಒಂದು ಚರ್ಚಾ ಟಿಪ್ಪಣಿ ಹೊರಡಿಸಿತ್ತು. ಅಂಗಡಿಗೆ ಮಾಡುವ ಸರಾಸರಿ 800 ರೂಪಾಯಿಯ ಒಂದು ಯುಪಿಐ ಪಾವತಿಗೆ ಎಲ್ಲರದ್ದೂ ಸೇರಿ ಸುಮಾರು 2 ರೂಪಾಯಿ ಖರ್ಚಾಗುತ್ತದೆ ಎಂದು ಅದರಲ್ಲಿತ್ತು. ಸರ್ವರ್, ಎಸ್ಸೆಮ್ಮೆಸ್, ಮೋಸ ತಡೆಯುವ ಕೆಲಸ, ದೂರು ಕೇಳುವ ಜನ, ಎಲ್ಲ ಸೇರಿ. ಇಲ್ಲೊಂದು ಸೂಕ್ಷ್ಮ ಇದೆ. 10 ರೂಪಾಯಿಯ ಕಟಿಂಗ್ ಚಹಾಕ್ಕೂ 10,000 ರೂಪಾಯಿಯ ಬಿಲ್ಲಿಗೂ ಈ ಯಂತ್ರಗಳು ಓಡುವುದು ಹೆಚ್ಚುಕಮ್ಮಿ ಒಂದೇ ರೀತಿ. ಸಣ್ಣ ಪಾವತಿ ಹೆಚ್ಚಾದಷ್ಟೂ ಬ್ಯಾಂಕಿನ ಮೇಲೆ ಹೊರೆ ಜಾಸ್ತಿ. ಅದನ್ನು ಇಳಿಸಲೆಂದೇ 2022ರಲ್ಲಿ ಯುಪಿಐ ಲೈಟ್ ತಂದರು. ಸ್ವಲ್ಪ ಹಣ ಮೊದಲೇ ತುಂಬಿಟ್ಟುಕೊಂಡರೆ ಚಹಾ, ವಡಾಪಾವ್ ದುಡ್ಡಿಗೆಲ್ಲ ಬ್ಯಾಂಕಿನ ಮುಖ್ಯ ವ್ಯವಸ್ಥೆಯನ್ನು ಪ್ರತಿ ಸಲ ಎಬ್ಬಿಸಬೇಕಾಗಿಲ್ಲ. ಒಳ್ಳೆಯ ಸೌಲಭ್ಯ. ಬಳಸುವವರು ಇನ್ನೂ ಕಡಿಮೆ.

ಕಾರ್ಡ್ ಉಜ್ಜಿದರೆ ಈ ಖರ್ಚು ಅಂಗಡಿಯವರ ಮೇಲೆ ಬೀಳುತ್ತದೆ. ಅದಕ್ಕೆ ಎಂಡಿಆರ್ ಎನ್ನುತ್ತಾರೆ, ಮರ್ಚೆಂಟ್ ಡಿಸ್ಕೌಂಟ್ ರೇಟ್. ಗಿರಾಕಿ ಕೊಟ್ಟ ಹಣದಲ್ಲಿ ಸ್ವಲ್ಪ ಕಡಿದುಕೊಂಡು ಉಳಿದದ್ದನ್ನು ಅಂಗಡಿಗೆ ಕೊಡುತ್ತಾರೆ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದೊಳಗೆ ವ್ಯಾಪಾರ ಇರುವ ಅಂಗಡಿಗೆ ಶೇ. 0.40, ಅದಕ್ಕಿಂತ ದೊಡ್ಡವರಿಗೆ ಶೇ. 0.90ರವರೆಗೆ. ಈ 20 ಲಕ್ಷದ ಗೆರೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕ್ರೆಡಿಟ್ ಕಾರ್ಡ್ ಇನ್ನೂ ದುಬಾರಿ, ಸಾಮಾನ್ಯವಾಗಿ ನೂರಕ್ಕೆ 2 ರೂಪಾಯಿಯ ಆಸುಪಾಸು.

ಯುಪಿಐಗೆ ಇದು ಸೊನ್ನೆ. ಹೇಗಾಯಿತು? 2019ರ ಜುಲೈ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಒಂದು ಘೋಷಣೆ ಮಾಡಿದರು. ವರ್ಷಕ್ಕೆ 50 ಕೋಟಿಗಿಂತ ಹೆಚ್ಚು ವಹಿವಾಟು ಇರುವವರು ಇಂಥ ಅಗ್ಗದ ಡಿಜಿಟಲ್ ಪಾವತಿಯ ಸೌಲಭ್ಯ ಇಡಲೇಬೇಕು, ಅದಕ್ಕೆ ಗಿರಾಕಿಯಿಂದಲೂ ವ್ಯಾಪಾರಿಯಿಂದಲೂ ಶುಲ್ಕ ತೆಗೆದುಕೊಳ್ಳಬಾರದು ಎಂದರು. ಅದಕ್ಕಾಗಿ ಪಾವತಿ ವ್ಯವಸ್ಥೆಯ ಕಾನೂನಿಗೆ 10ಎ ಎಂಬ ಹೊಸ ಸೆಕ್ಷನ್ ಸೇರಿತು. 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಎಂಡಿಆರ್ ಸೊನ್ನೆ. ಘೋಷಣೆಯನ್ನು ಇನ್ನೊಮ್ಮೆ ಓದಿ. ನಾವೆಲ್ಲ ಇದನ್ನು ಬೀದಿಬದಿ ವ್ಯಾಪಾರಿಗಾಗಿ ತಂದ ರಿಯಾಯಿತಿ ಎಂದುಕೊಂಡಿದ್ದೇವೆ. ಬಜೆಟ್ ಭಾಷಣದಲ್ಲಿ ಹೆಸರಿಸಿದ್ದು 50 ಕೋಟಿ ಮೀರಿದ ದೊಡ್ಡ ವ್ಯಾಪಾರಿಗಳನ್ನು.

ಶುಲ್ಕ ನಿಂತಾಗ ಬ್ಯಾಂಕುಗಳು ಗಲಾಟೆ ಮಾಡಿದವು. ಆಗ ಸರ್ಕಾರ ಬೊಕ್ಕಸದಿಂದ ಪ್ರೋತ್ಸಾಹಧನ ಕೊಡಲು ಶುರು ಮಾಡಿತು. ಯುಪಿಐ, ರುಪೇ ಎರಡೂ ಸೇರಿ 2021-22ರಲ್ಲಿ 1,389 ಕೋಟಿ, 2022-23ರಲ್ಲಿ 2,210 ಕೋಟಿ, 2023-24ರಲ್ಲಿ 3,631 ಕೋಟಿ. ವಹಿವಾಟು ಏರಿದಂತೆ ಇದೂ ಏರುತ್ತಿತ್ತು. ಆಮೇಲೆ ಇಳಿಯಿತು. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 2024-25ಕ್ಕೆ ಒಪ್ಪಿದ್ದು ಬರೀ 1,500 ಕೋಟಿ. ಅದೂ ಯಾವ ತಿಂಗಳಲ್ಲಿ? ವರ್ಷ ಮುಗಿಯಲು ಹನ್ನೆರಡು ದಿನ ಇರುವಾಗ. ವರ್ಷವಿಡೀ ಖರ್ಚು ಮಾಡಿದವರಿಗೆ ಎಷ್ಟು ಸಿಗುತ್ತದೆ ಅಂತ ವರ್ಷದ ಕೊನೆಯವರೆಗೂ ಗೊತ್ತಿಲ್ಲ. ಯಾವ ಹೋಟೆಲನ್ನಾದರೂ ಹೀಗೆ ನಡೆಸಲು ಆಗುತ್ತದಾ?

ಆ ಯೋಜನೆಯ ನಿಯಮ ನೋಡಿದರೆ ಇನ್ನೂ ಸ್ಪಷ್ಟ. ಸಣ್ಣ ವ್ಯಾಪಾರಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗೆ ಶೇ. 0.15 ಪ್ರೋತ್ಸಾಹಧನ. 10 ರೂಪಾಯಿಯ ಚಹಾಕ್ಕೆ ಒಂದೂವರೆ ಪೈಸೆ. ಅದು ಅಂಗಡಿಯ ಬ್ಯಾಂಕಿಗೆ ಬಂದು, ಅಲ್ಲಿಂದ ಗಿರಾಕಿಯ ಬ್ಯಾಂಕು, ಪಾಲುದಾರ ಬ್ಯಾಂಕು, ಆ್ಯಪ್ ಎಲ್ಲರಿಗೂ ಹಂಚಿಕೆಯಾಗಬೇಕು. ಇನ್ನು ದೊಡ್ಡ ವ್ಯಾಪಾರಿಗೆ ಹೋಗುವ ಪಾವತಿಗೆ ಶುಲ್ಕವೂ ಇಲ್ಲ, ಪ್ರೋತ್ಸಾಹಧನವೂ ಇಲ್ಲ. ಅಂದರೆ ಮಾಲಿನ ಶೋರೂಮಿನಲ್ಲಿ 40,000 ರೂಪಾಯಿಯ ಟಿವಿ ಕೊಂಡು ಯುಪಿಐ ಮಾಡಿದರೆ ಆ ಪಾವತಿಗೆ ಅಂಗಡಿಯೂ ಏನೂ ಕೊಡುವುದಿಲ್ಲ, ಸರ್ಕಾರವೂ ಏನೂ ಕೊಡುವುದಿಲ್ಲ. ದೊಡ್ಡ ಆನ್‌ಲೈನ್ ಅಂಗಡಿಗಳಿಗೂ ಕಾನೂನು ಇದೇ. ಕಾರ್ಡಿಗೆ ಕೊಡಬೇಕಿದ್ದ ಹಣ ಅವರಿಗೆ ಪೂರ್ತಿ ಉಳಿಯಿತು. ಇದನ್ನು ಬಡವರ ಹೆಸರಿನಲ್ಲಿ ಮುಂದುವರಿಸುವುದು ನನಗೆ ತಪ್ಪಾಗಿ ಕಾಣುತ್ತದೆ.

ಈಗ ಮುಖ್ಯ ಪ್ರಶ್ನೆ. ಬೇಕಾದಷ್ಟು ಆದಾಯವೇ ಇಲ್ಲದ ಕೆಲಸದಲ್ಲಿ ಯಾರು ಉಳಿಯುತ್ತಾರೆ? ಬೇರೆ ಕಡೆಯಿಂದ ದುಡ್ಡು ತಂದು ಸುರಿಯಬಲ್ಲವರು. ಫೋನ್‌ಪೇ ಇರುವುದು ಅಮೆರಿಕದ ವಾಲ್‌ಮಾರ್ಟ್ ಕೈಯಲ್ಲಿ. ಗೂಗಲ್ ಪೇ ಗೂಗಲ್‌ನದ್ದು. ಇವೆರಡೇ ಸೇರಿ ಯುಪಿಐ ಪಾವತಿಗಳಲ್ಲಿ ಶೇ. 80ರಷ್ಟನ್ನು ಹಿಡಿದುಕೊಂಡಿವೆ. ಎನ್‌ಪಿಸಿಐಯದ್ದೇ ಭೀಮ್ ಆ್ಯಪ್ 2016ರ ಡಿಸೆಂಬರ್ 30ರಂದೇ ಬಂದಿತ್ತು. ಇಂದು ಅದರ ಪಾಲು ತೀರಾ ಸಣ್ಣದು.

ಇದು ಎನ್‌ಪಿಸಿಐಗೆ ಗೊತ್ತಿಲ್ಲ ಅಂತಲ್ಲ. ಯಾವ ಆ್ಯಪ್ ಕೂಡ ಒಟ್ಟು ಪಾವತಿಗಳ ಶೇ. 30ಕ್ಕಿಂತ ಹೆಚ್ಚು ಹಿಡಿಯಬಾರದು ಎಂದು 2020ರ ನವೆಂಬರ್‌ನಲ್ಲೇ ನಿಯಮ ಮಾಡಿತು. ಆಗಲೇ ಮಿತಿ ಮೀರಿದ್ದವರಿಗೆ 2022ರ ಕೊನೆಯವರೆಗೆ ಸಮಯ ಕೊಟ್ಟಿತು. ಅದು ಬಂದಾಗ 2024ರ ಕೊನೆಗೆ ಮುಂದೂಡಿತು. ಅದೂ ಬಂದಾಗ 2026ರ ಡಿಸೆಂಬರ್ 31ಕ್ಕೆ ತಳ್ಳಿತು. ಯಾಕೆ? ಆ ಎರಡು ಆ್ಯಪ್‌ಗಳನ್ನು ತಡೆದರೆ ಅಷ್ಟು ಗಿರಾಕಿಗಳನ್ನು ತೆಗೆದುಕೊಳ್ಳಲು ಮೂರನೆಯವರು ತಯಾರಿಲ್ಲ. ಮೂರನೆಯವರು ಬೆಳೆಯದಿರುವುದಕ್ಕೆ ದೊಡ್ಡ ಕಾರಣ ಆ ಸೊನ್ನೆ ಶುಲ್ಕವೇ. ಸುದ್ದಿಯಲ್ಲಿ ಇವೆರಡನ್ನೂ ಬೇರೆ ಬೇರೆ ವಿಷಯ ಎಂಬಂತೆ ಬರೆಯುತ್ತಾರೆ. ಒಂದೇ ಗಂಟಿನ ಎರಡು ತುದಿ ಇವು. ಆದಾಯಕ್ಕೆ ದಾರಿ ಬಿಡದೆ ಸ್ಪರ್ಧೆ ಬರಲಿ ಎಂದು ಗಡುವು ಮೇಲೆ ಗಡುವು ಕೊಟ್ಟರೆ ಸ್ಪರ್ಧೆ ಬರುವುದಿಲ್ಲ.

ಆ್ಯಪ್ ಕಂಪನಿಗಳು ಮತ್ತೆ ದುಡಿಯುವುದು ಎಲ್ಲಿ? ರೀಚಾರ್ಜ್ ಮೇಲಿನ ಒಂದೆರಡು ರೂಪಾಯಿ, ವಿಮೆ, ಮ್ಯೂಚುವಲ್ ಫಂಡ್, ಜಾಹೀರಾತು, ಸೌಂಡ್‌ಬಾಕ್ಸಿನ ತಿಂಗಳ ಬಾಡಿಗೆ. ನಮ್ಮವರಿಗೆ ನಿಜವಾಗಿ ತಾಗುವುದು ಸಾಲ. ದಿನಕ್ಕೆ ಎಷ್ಟು ಪ್ಲೇಟ್ ಹೋಯಿತು, ಮಳೆಗಾಲದಲ್ಲಿ ವ್ಯಾಪಾರ ಎಷ್ಟು ಬಿತ್ತು, ಗಣಪತಿ ಹಬ್ಬದಲ್ಲಿ ಎಷ್ಟು ಏರಿತು, ಎಲ್ಲವೂ ಆ ಕಂಪನಿಯ ಕಣ್ಣ ಮುಂದಿದೆ. ಹಾಗಾಗಿ ಕೈ ಸ್ವಲ್ಪ ಬಿಗಿಯಾದ ವಾರದಲ್ಲೇ ಫೋನಿಗೆ ಸಂದೇಶ ಬರುತ್ತದೆ, ನಿಮಗೆ ಇಷ್ಟು ಲಕ್ಷ ಸಾಲ ಸಿದ್ಧವಿದೆ ಎಂದು. ನಾನು ಲೆಕ್ಕ ನೋಡುವ ಒಂದು ಹೋಟೆಲಿನವರು ಅಂಥ ಸಾಲ ತೆಗೆದುಕೊಂಡರು. ಪ್ರತಿದಿನದ ಜಮಾದಿಂದಲೇ ಕಂತು ಕಡಿತ. ಬಡ್ಡಿ ಕೇಳಿದಾಗ ದಿನದ ಲೆಕ್ಕದಲ್ಲಿ ಹೇಳಿದ್ದರು. ಅದನ್ನು ವರ್ಷದ ಲೆಕ್ಕಕ್ಕೆ ತಂದು ತೋರಿಸಿದಾಗ ಅವರ ಮುಖ ಸಣ್ಣದಾಯಿತು.

ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟ್ ದಿನಾ ಅಂಗಡಿಗೆ ಬಂದು ಚಿಲ್ಲರೆ ದುಡ್ಡು ತೆಗೆದುಕೊಂಡು ಹೋಗುತ್ತಿದ್ದ, ಅದು ನಮ್ಮ ಉಳಿತಾಯವಾಗುತ್ತಿತ್ತು. ಈಗಿನದ್ದು ಉಲ್ಟಾ ಪಿಗ್ಮಿ. ದಿನಾ ಹೋಗುವುದೇನೋ ಅದೇ ಚಿಲ್ಲರೆ, ಆದರೆ ಸಾಲಕ್ಕೆ ಹೋಗುತ್ತದೆ. ಹೋಟೆಲಿನವನ ಕಷ್ಟಸುಖ ಗೊತ್ತಿದ್ದ ಆ ಬ್ಯಾಂಕುಗಳೂ ಈಗ ಹೆಸರಿಗಿಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿಹೋದವು. ಮುಂಬೈಯಲ್ಲಿ ನಮ್ಮವರೇ ಕಟ್ಟಿದ ಭಾರತ್ ಬ್ಯಾಂಕ್, ಮೊಗವೀರ ಬ್ಯಾಂಕಿನಂಥ ಸಹಕಾರಿ ಬ್ಯಾಂಕುಗಳಿವೆ. ಅಂಥ ಬ್ಯಾಂಕಿನ ಖಾತೆದಾರ ದಿನಕ್ಕೆ ಹತ್ತು ಸಲ ಸ್ಕ್ಯಾನ್ ಮಾಡಿದರೆ ಹತ್ತು ಸಲವೂ ಅದರ ಯಂತ್ರ ಓಡಬೇಕು. ಗಿರಾಕಿಯ ನಂಟು ಬೆಳೆಯುವುದು ಮಾತ್ರ ಆ್ಯಪಿನ ಜೊತೆ. ಯುಪಿಐಯಲ್ಲಿ ಅತಿ ಹೆಚ್ಚು ಕೆಲಸ ಮಾಡಿ ಅತಿ ಕಡಿಮೆ ಪಡೆಯುವವರು ಸಣ್ಣ ಬ್ಯಾಂಕುಗಳು ಎಂದು ನಾನು ನಂಬಿದ್ದೇನೆ.

ಸೊನ್ನೆ ಬೆಲೆಯ ಇನ್ನೊಂದು ಪರಿಣಾಮ 2025ರಲ್ಲಿ ಕಣ್ಣಿಗೆ ಬಿತ್ತು. ಮಾರ್ಚ್ 26ರ ಸಂಜೆ, ಮತ್ತೆ ಏಪ್ರಿಲ್ 12ರ ಶನಿವಾರ ಯುಪಿಐ ಕೈಕೊಟ್ಟಿತು. ತಿಂದಾದ ಗಿರಾಕಿ ಹೊರಡಲೂ ಆಗದೆ, ಹೋಟೆಲಿನವರು ಬಿಡಲೂ ಆಗದೆ ನಿಂತರು. ಏಪ್ರಿಲಿನದ್ದಕ್ಕೆ ಕಾರಣ, 'ಆ ಪಾವತಿ ಏನಾಯಿತು' ಎಂದು ಬ್ಯಾಂಕುಗಳ ಕಡೆಯಿಂದ ಪದೇ ಪದೇ ಬಂದ ವಿಚಾರಣೆಗಳು ಎಂದು ಎನ್‌ಪಿಸಿಐ ಹೇಳಿತು. ಆಮೇಲೆ ಆಗಸ್ಟ್ 1ರಿಂದ ಹೊಸ ಮಿತಿಗಳು ಬಂದವು. ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು. ತಾನಾಗಿ ಕಡಿತವಾಗುವ ಕಂತುಗಳನ್ನು ಗದ್ದಲದ ಹೊತ್ತು ಬಿಟ್ಟು ಬೇರೆ ಸಮಯಕ್ಕೆ ಸರಿಸಬೇಕು. ಯಂತ್ರ ಬಡಿದೆಬ್ಬಿಸಲು ಯಾರಿಗೂ ಕಾಸು ಖರ್ಚಿಲ್ಲದಿದ್ದಾಗ ನಿಯಮ ಹಾಕಿಯೇ ತಡೆಯಬೇಕಾಗುತ್ತದೆ.

ಇದರ ಮಧ್ಯೆ ಶುಲ್ಕ ಹಿಂಬಾಗಿಲಿನಿಂದ ಬರುತ್ತಲೂ ಇದೆ. 2025ರ ಆಗಸ್ಟ್ 1ರಿಂದ ಐಸಿಐಸಿಐ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್ ಕಂಪನಿಗಳಿಂದ, ಅಂದರೆ ಅಂಗಡಿಗಳ ಪರವಾಗಿ ಪಾವತಿ ಪಡೆದು ಅವರಿಗೆ ಸೇರಿಸುವ ನಡುವಿನ ಕಂಪನಿಗಳಿಂದ, ಯುಪಿಐ ಪಾವತಿಗೆ ನೂರು ರೂಪಾಯಿಗೆ 2ರಿಂದ 4 ಪೈಸೆ ತೆಗೆದುಕೊಳ್ಳಲು ಶುರು ಮಾಡಿತು. ಒಂದು ಪಾವತಿಗೆ ಗರಿಷ್ಠ 6 ಅಥವಾ 10 ರೂಪಾಯಿ. ಇದು ಎಂಡಿಆರ್ ಅಲ್ಲ, ಅಂಗಡಿಯವರಿಂದ ನೇರವಾಗಿ ತೆಗೆದುಕೊಳ್ಳುವುದಲ್ಲ. ಆದರೆ ನಡುವಿನ ಕಂಪನಿ ಅದನ್ನು ಬೇರೆ ಹೆಸರಿನಲ್ಲಿ ಅಂಗಡಿಯವರ ಮೇಲೆ ಹಾಕುವುದಿಲ್ಲ ಎಂದು ಯಾರು ಹೇಳಬೇಕು?

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಹಲವರು ಕ್ಯೂಆರ್ ತೆಗೆದು 'ನಗದು ಮಾತ್ರ' ಬೋರ್ಡ್ ಹಾಕಿದರು. ಊರಿನಿಂದ ಆ ಸುದ್ದಿ ಬಂದಾಗ ಇಲ್ಲಿಯವರೂ ಹೆದರಿ, ಇದೇ ಯುಪಿಐ ಶುಲ್ಕ ಅಂದುಕೊಂಡರು. ಅಲ್ಲ. ಅದು ವಹಿವಾಟಿನ ಮಿತಿ ಮೀರಿದ್ದರ ತೆರಿಗೆ. ನಗದಿನಲ್ಲಿ ಮಾಡಿದರೂ ಮಿತಿ ಮಿತಿಯೇ. ಎರಡನ್ನೂ ಬೆರೆಸಬೇಡಿ.

ಹಾಗಾದರೆ ಏನು ಮಾಡಬೇಕು? ಪಾವತಿ ಕಂಪನಿಗಳ ಒಕ್ಕೂಟವಾದ ಪೇಮೆಂಟ್ಸ್ ಕೌನ್ಸಿಲ್ ಆಫ್ ಇಂಡಿಯಾ 2025ರಲ್ಲಿ ಪ್ರಧಾನಿಗೆ ಪತ್ರ ಬರೆದು, ದೊಡ್ಡ ವ್ಯಾಪಾರಿಗಳ ಯುಪಿಐಗೆ ಶೇ. 0.3 ಎಂಡಿಆರ್ ಕೇಳಿತು. ಬೇಡಿಕೆಯ ದಿಕ್ಕು ಸರಿ ಎಂದೇ ನನ್ನ ಅಭಿಪ್ರಾಯ. ಬ್ರೆಜಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕೇ 2020ರಲ್ಲಿ ಪಿಕ್ಸ್ ಎಂಬ ಇಂಥದ್ದೇ ವ್ಯವಸ್ಥೆ ತಂದಿತು. ಸಾಮಾನ್ಯ ಜನರಿಗೆ ಉಚಿತ, ವ್ಯಾಪಾರ ಸಂಸ್ಥೆಗಳಿಂದ ಬ್ಯಾಂಕುಗಳು ಶುಲ್ಕ ಪಡೆಯಬಹುದು. ಜನ ಅದನ್ನು ಬಿಟ್ಟು ಓಡಲಿಲ್ಲ.

ಆದರೆ 'ದೊಡ್ಡ ವ್ಯಾಪಾರಿ' ಯಾರು? ಜಗಳ ಇರುವುದು ಇಲ್ಲಿ. ಕಾರ್ಡಿನ ನಿಯಮದ 20 ಲಕ್ಷದ ಗೆರೆಯನ್ನೇ ಇಲ್ಲೂ ಎಳೆದರೆ ದಿನಕ್ಕೆ 5,500 ರೂಪಾಯಿ ವ್ಯಾಪಾರ ಇರುವವನು ದೊಡ್ಡವನಾಗುತ್ತಾನೆ. ಮುಂಬೈಯಲ್ಲಿ ಸುಮಾರಾದ ಒಂದು ಉಡುಪಿ ಹೋಟೆಲು ಬೆಳಗಿನ ತಿಂಡಿ ಹೊತ್ತಿಗೇ ಅದನ್ನು ದಾಟುತ್ತದೆ. ಲೆಕ್ಕ ಹಾಕಿ. ವರ್ಷಕ್ಕೆ 3 ಕೋಟಿ ವ್ಯಾಪಾರ ಇರುವ ಹೋಟೆಲಿಗೆ ಅದರಲ್ಲಿ 1.8 ಕೋಟಿ ಯುಪಿಐಯಿಂದ ಬಂದರೆ, ಶೇ. 0.3ರಂತೆ 54,000 ರೂಪಾಯಿ ಕಡಿತ. ಬಾಡಿಗೆ, ಗ್ಯಾಸ್, ಹುಡುಗರ ಸಂಬಳ, ಡೆಲಿವರಿ ಆ್ಯಪಿನ ಕಮಿಷನ್ ಕಳೆದು ಉಳಿಯುವ ಲಾಭದಲ್ಲಿ ಇದು ಸಣ್ಣ ಮೊತ್ತವಲ್ಲ. ಅದೇ ಗೆರೆ 2019ರ ಬಜೆಟ್ಟಿನಲ್ಲೇ ಬಂದ 50 ಕೋಟಿಗೆ ಇದ್ದರೆ ಈ ಹೋಟೆಲು ಒಂದು ಪೈಸೆಯೂ ಕೊಡಬೇಕಾಗಿಲ್ಲ. ಕೊಡುವವರು ಮಾಲಿನ ಸರಪಳಿ ಅಂಗಡಿಗಳು, ದೊಡ್ಡ ಆನ್‌ಲೈನ್ ಕಂಪನಿಗಳು. ಅವರಿಗೆ ಶೇ. 0.3 ಕಾರ್ಡಿಗಿಂತ ಎಷ್ಟೋ ಅಗ್ಗ.

ಹಾಗಾಗಿ ದರಕ್ಕಿಂತ ಗೆರೆ ಮುಖ್ಯ. ಒಂದು ಸಲ ಶುಲ್ಕ ಶುರುವಾದರೆ ಮೆಲ್ಲಗೆ ಎಲ್ಲರ ಮೇಲೂ ಬರುತ್ತದೆ ಎಂಬ ಹೆದರಿಕೆ ನನಗೂ ಇದೆ. ಅದಕ್ಕೇ 50 ಕೋಟಿಯ ಗೆರೆ ಸುತ್ತೋಲೆಯಲ್ಲಿ ಅಲ್ಲ, ಸೆಕ್ಷನ್ 10ಎ ಒಳಗೇ ಬರಬೇಕು. ಬದಲಾಯಿಸಬೇಕಾದರೆ ಸಂಸತ್ತಿಗೆ ಹೋಗಬೇಕು. ಜನ ಜನಕ್ಕೆ ಕಳಿಸುವ ಹಣ ಎಂದಿಗೂ ಉಚಿತ ಎಂದೂ ಅಲ್ಲೇ ಬರೆಯಬೇಕು. ದೊಡ್ಡವರು ಆ ಶುಲ್ಕವನ್ನು ಗಿರಾಕಿಯ ಬಿಲ್ಲಿಗೆ ಸೇರಿಸಬಾರದು. ಬಂದ ಹಣದಲ್ಲಿ ಗಿರಾಕಿಯ ಬ್ಯಾಂಕಿಗೆ ಇಷ್ಟು ಅಂತ ನಿಗದಿಯಾಗಬೇಕು, ಇಲ್ಲದಿದ್ದರೆ ಸಹಕಾರಿ ಬ್ಯಾಂಕುಗಳಿಗೆ ಏನೂ ತಲುಪದು. ಇಷ್ಟಾದರೆ ಸಣ್ಣ ಆ್ಯಪ್‌ಗಳಿಗೂ ನಿಲ್ಲಲು ಜಾಗ ಸಿಗುತ್ತದೆ, ಆಗ ಶೇ. 30ರ ಮಿತಿಯನ್ನು ಮೂರನೇ ಸಲ ಮುಂದೂಡಲು ನೆಪ ಇರುವುದಿಲ್ಲ.

ಮುಂಬೈಯ ಹೋಟೆಲಿನವರ ಸಂಘ ಆಹಾರ್‌ನಲ್ಲಿ ನಮ್ಮ ಕರಾವಳಿಯವರ ದನಿ ದೊಡ್ಡದು. ಶುಲ್ಕದ ಸುದ್ದಿ ಬಂದಾಗಲೆಲ್ಲ ಬರೀ 'ಬೇಡ' ಎಂದು ಪತ್ರ ಬರೆದರೆ ಸಾಲದು. ಬೇಡ ಎನ್ನುವವರನ್ನು ಬಿಟ್ಟು ಗೆರೆ ಎಳೆಯುವ ಸಭೆ ನಡೆಯುತ್ತದೆ. ಆ ಸಭೆಗೆ ದೊಡ್ಡ ಕಂಪನಿಗಳವರು ತಮ್ಮ ಲೆಕ್ಕ ಹಿಡಿದು ಬರುತ್ತಾರೆ. ನಮ್ಮವರೂ ಈ 54,000ದ ಲೆಕ್ಕ ಹಿಡಿದು, 50 ಕೋಟಿಯ ಗೆರೆ ಬೇಕು ಎಂದು ಈಗಲೇ ಕೇಳಲಿ.